ತೂಬಿಗೆ ಏರಿದ ಧಾರೆ ಸೀರೆ

ಈ ಪ್ರಸಂಗದಲ್ಲಿ ನಿಜವಾಗಿ ಏನು ನಡೆಯಿತು ಎಂಬುದನ್ನು ನಾನು ಖಚಿತವಾಗಿ ಹೇಳಲಾರೆ. ನಡೆದದ್ದು ನಿನಗೇ ಅಲ್ಲವೇನಯ್ಯಾ ಎಂದು ನೀವು ಕೇಳಬಹುದು. ಅದೇ ತೊಂದರೆ! ಬೇರೆಯವರಿಗೆ ನಡೆದಿದ್ದರೆ ಅವರನ್ನು ವಿಚಾರಿಸಿ ಬರೆಯಬಹುದಿತ್ತು. ಮೈಸೂರಿನಲ್ಲಿ ಎಂ.ಎ. ಓದಿದಾಗಿನಿಂದ ನನಗೊಂದು ಚಟ ಹತ್ತಿದೆ. ಕಂಡದ್ದನ್ನು ಅನುಮಾನಿಸುತ್ತೇನೆ, ಕೇಳಿದ್ದನ್ನು ಅನುಮಾನಿಸುತ್ತೇನೆ, ನನ್ನ ನೆನಪನ್ನಂತೂ ಕಳ್ಳನನ್ನು ನೋಡುವ ಹಾಗೆ ನೋಡುತ್ತೇನೆ.

ನನ್ನ ನೆನಪಿನ ಪ್ರಕಾರ ಆ ರಾತ್ರಿ ಕೆರೆಯ ಮೇಲೆ ಹುಣ್ಣಿಮೆಯ ಚಂದ್ರನಿದ್ದ. ನನ್ನ ಹೆಂಡತಿ ಜಾನಕಿಯ ಪ್ರಕಾರ ಅದು ಅಮಾವಾಸ್ಯೆಯ ಆಸುಪಾಸು. ನನ್ನ ಪ್ರಕಾರ ನಾನು ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಇದನ್ನೂ ಒಪ್ಪದವರಿದ್ದಾರೆ. ಎಲ್ಲಕ್ಕಿಂತ ದೊಡ್ಡ ವ್ಯಾಜ್ಯ ಸೀರೆಯದು. ಈ ಕಥೆಯಲ್ಲಿ ಒಂದು ಸೀರೆ ಬರುತ್ತದೆ. ಅದು ಜಾನಕಿಯ ಧಾರೆ ಸೀರೆ. ನಾನು ಅದು ಕೆಂಪು ಎನ್ನುತ್ತೇನೆ, ಅವಳು ಹಳದಿ ಎನ್ನುತ್ತಾಳೆ. "ತಾಳಿ ಕಟ್ಟುವಾಗ ಎದುರಿಗಿದ್ದ ಸೀರೆಯ ಬಣ್ಣ ನೆನಪಿಲ್ಲದ ಗಂಡಸು ನೀವೊಬ್ಬರೇ ಇರಬೇಕು" ಎಂದು ಅವಳು ಹೇಳಿದಾಗಲೆಲ್ಲ ನಮ್ಮ ಮನೆಯಲ್ಲಿ ಎರಡು ದಿನ ಸಾರಿಗೆ ಉಪ್ಪಿರುವುದಿಲ್ಲ. ಆದರೆ ಇಲ್ಲಿ ಪೆನ್ನು ನನ್ನ ಕೈಯಲ್ಲಿದೆ. ಆದ್ದರಿಂದ ಸೀರೆ ಕೆಂಪು!

ಆಣೆ ಹೋಗಿ ನಯಾಪೈಸೆ ಬಂದು ಜನ ಬಸ್ಸಿನಲ್ಲಿ ಕಂಡಕ್ಟರನ ಜೊತೆ ದಿನಾ ಜಗಳವಾಡುತ್ತಿದ್ದ ಕಾಲ. ನಾನು ಹಾಸನದಲ್ಲಿ ತರ್ಕಶಾಸ್ತ್ರದ ಲೆಕ್ಚರರ್ ಆಗಿದ್ದೆ. ಸಪ್ಲಿಮೆಂಟರಿ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ನನ್ನ ತಲೆ ಕಾದ ಬಾಣಲೆಯಾಗಿತ್ತು. "ಎಲ್ಲ ಮನುಷ್ಯರೂ ಸಾಯುತ್ತಾರೆ. ರಾಮಣ್ಣ ಸತ್ತಿದ್ದಾನೆ. ಆದ್ದರಿಂದ ಎಲ್ಲ ಮನುಷ್ಯರೂ ರಾಮಣ್ಣ" ಎಂದು ಒಬ್ಬ ಬರೆದಿದ್ದ. ಅದನ್ನು ಓದಿ ಒಂದು ಗಳಿಗೆ ಸರಿಯಾಗಿಯೇ ಇದೆಯಲ್ಲ ಅನ್ನಿಸಿತು. ಆಗ ನನಗೆ ವಿಶ್ರಾಂತಿ ಬೇಕೆಂದು ಗೊತ್ತಾಯಿತು!

ನಮ್ಮ ಇಂಗ್ಲಿಷ್ ಲೆಕ್ಚರರ್ ಒಬ್ಬರು ಯಾವುದೋ ಪತ್ರಿಕೆಯಲ್ಲಿ ಓದಿದ್ದರಂತೆ. ನೀರಿನ ಪಕ್ಕದಲ್ಲಿ ಒಂದು ರಾತ್ರಿ ಒಂಟಿಯಾಗಿ, ಮಾತಿಲ್ಲದೆ ಕಳೆದರೆ ಮನಸ್ಸು ಹೊಸದಾಗುತ್ತದೆಯಂತೆ. ಅವರು ಇದನ್ನು ಸ್ವತಃ ಮಾಡಿ ನೋಡಿರಲಿಲ್ಲ. ನಾನು ಆ ಸಾಹಸವನ್ನು ಕೈಗೊಂಡೆ.

"ಜಾನಕಿ, ನಾನು ಒಂದು ರಾತ್ರಿ ಕೆರೆಯ ಪಕ್ಕ ಒಬ್ಬನೇ ಇರ್ತೀನಿ" ಎಂದು ಘೋಷಿಸಿದೆ.

"ಯಾರ ಮೇಲೆ ಕೋಪ?"

"ಕೋಪ ಅಲ್ಲ. ವಿಶ್ರಾಂತಿ."

"ಅದಕ್ಕೆ ಮನೇಲಿ ಮಂಚ ಇದೆಯಲ್ಲ?"

"ಮಂಚದ ಪ್ರಶ್ನೆ ಅಲ್ಲ. ಮೌನ ಬೇಕು."

"ನಾನು ತಂಗಿ ಮದುವೆ ಕೆಲಸಕ್ಕೆ ನಾಳೆ ಹೊಳೆನರಸೀಪುರಕ್ಕೆ ಹೊರಡ್ತೀನಿ. ನೀವು ಮನೇಲೇ ಮೌನವಾಗಿ ಬಿದ್ದಿರಿ."

"ಪ್ರಕೃತಿಯ ಮೌನ ಕಣೇ!"

ಜಾನಕಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಅಲ್ಲ ರೀ, ರಾತ್ರಿ ಹಿತ್ತಲಿಗೆ ಹೋಗಬೇಕಾದರೆ ಲಾಂದ್ರ ಹಿಡಿಯೋಕೆ ನನ್ನನ್ನ ಎಬ್ಬಿಸ್ತೀರಿ. ನೀವು ಕೆರೆ ಏರಿ ಮೇಲೆ ಒಬ್ಬರೇ?"

"ಹಿತ್ತಲಿನ ನೆಲ ಜಾರುತ್ತೆ" ಎಂದು ಗಂಭೀರವಾಗಿ ಉತ್ತರಿಸಿದೆ.

ಕೊನೆಗೆ ಮೊಸರನ್ನ, ಅವಲಕ್ಕಿ ಕಟ್ಟಿಕೊಟ್ಟಳು. ಹೊದಿಕೆ ಕೇಳಿದೆ. "ಟ್ರಂಕಿನ ಮೇಲೆ ಗಂಟು ಕಟ್ಟಿಟ್ಟಿದೀನಿ ನೋಡಿ" ಎಂದು ಅಡುಗೆಮನೆಯಿಂದಲೇ ಕೂಗಿದಳು. ನೋಡಿದರೆ ಟ್ರಂಕಿನ ಮೇಲೆ ಹಳೆಯ ಪಂಚೆಯಲ್ಲಿ ಕಟ್ಟಿದ ಗಂಟುಗಳು ಎರಡು! ದೇವರನ್ನೇ ಅನುಮಾನಿಸುವ ನಾನು ಆ ಗಂಟನ್ನು ಮಾತ್ರ ಅನುಮಾನಿಸಲಿಲ್ಲ. ಕೈಗೆ ಸಿಕ್ಕಿದ್ದನ್ನು ಹೋಲ್ಡಾಲಿಗೆ ತುರುಕಿ, ಬೆಲ್ಟು ಬಿಗಿದು ಬಸ್ಸು ಹತ್ತಿದೆ.

ಆ ಕೆರೆ ಚನ್ನರಾಯಪಟ್ಟಣದ ಕಡೆಗಿದೆ. ಊರಿನ ಹೆಸರು ಬರೆಯುವುದಿಲ್ಲ. ಆ ಊರಿನವರು ಇನ್ನೂ ಬದುಕಿದ್ದಾರೆ, ನಾನೂ ಆ ದಾರಿಯಲ್ಲಿ ಓಡಾಡಬೇಕು. ಬಸ್ಸಿಳಿದು ತೆಂಗಿನ ತೋಟಗಳ ನಡುವೆ ನಡೆದು ಏರಿ ಹತ್ತಿದಾಗ ಬಿಸಿಲು ಇಳಿಯುತ್ತಿತ್ತು. ಏನು ನೋಟ! ಕೆರೆ ಮುಕ್ಕಾಲು ಬತ್ತಿದ್ದರೂ ಉಳಿದ ನೀರು ಕನ್ನಡಿಯಂತಿತ್ತು. ಏರಿಯ ಆ ಕಡೆ ಭತ್ತದ ಗದ್ದೆಗಳು. ಈ ಕಡೆ ನೀರಿನ ಅಂಚಿನಲ್ಲಿ ತೂಬು, ಅಂದರೆ ಎರಡು ಕಲ್ಲುಕಂಬ, ಅವುಗಳ ಮೇಲೊಂದು ಅಡ್ಡಗಲ್ಲು. ಎಲ್ಲೂ ನರಪಿಳ್ಳೆಯಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ "ಆಹಾ, ಮೌನ!" ಎಂದು ಜೋರಾಗಿ ಕೂಗಿದೆ. ಬೆಳ್ಳಕ್ಕಿಗಳೆಲ್ಲ ಎದ್ದು ಹಾರಿಹೋದವು.

ಹೋಲ್ಡಾಲ್ ಬಿಚ್ಚಿ ಗಂಟು ಬಿಚ್ಚಿದೆ. ಒಳಗೆ ಹೊದಿಕೆ ಇರಲಿಲ್ಲ. ಜರಿಯಂಚಿನ ರೇಷ್ಮೆ ಸೀರೆ ಇತ್ತು. ಧಾರೆ ಸೀರೆ! ತಂಗಿಯ ಮದುವೆಯಲ್ಲಿ ಉಟ್ಟು ಆರತಿ ಎತ್ತಬೇಕೆಂದು ಜಾನಕಿ ಟ್ರಂಕಿನಿಂದ ತೆಗೆದು ಗಾಳಿಗೆ ಹರವಿ ಮಡಿಸಿಟ್ಟಿದ್ದ ಸೀರೆ. ಮದುವೆಗೆ ಇನ್ನು ಹತ್ತು ದಿನವೂ ಇರಲಿಲ್ಲ. ಅಷ್ಟೇ ಆಗಿದ್ದರೆ ಮಡಿಸಿ ವಾಪಸು ಒಯ್ಯಬಹುದಿತ್ತು. ಆದರೆ ಹೋಲ್ಡಾಲಿನ ಜೇಬಿನಲ್ಲಿ ಪೇಪರು ತಿದ್ದುವ ಕೆಂಪು ಮಸಿಯ ಬಾಟಲಿ ಉಳಿದುಬಿಟ್ಟಿತ್ತು. ಅದರ ಬಿರಡೆ ಬಸ್ಸಿನ ಕುಲುಕಾಟಕ್ಕೆ ಕಳಚಿಕೊಂಡಿತ್ತು. ಸೀರೆಯ ಮೇಲೆ ಅಂಗೈ ಅಗಲದ ಕೆಂಪು ಕಲೆ!

"ಕೆಂಪು ಸೀರೆಯ ಮೇಲೆ ಕೆಂಪು ಮಸಿ ಬಿದ್ದದ್ದು ನಿಮಗೆ ಹೇಗ್ರೀ ಕಾಣಿಸ್ತು?" ಎಂದು ಜಾನಕಿ ಇಷ್ಟು ವರ್ಷಗಳಿಂದ ಕೇಳುತ್ತಿದ್ದಾಳೆ. ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇದ್ದೇ ಇರಬೇಕು. ಹುಡುಕುತ್ತಿದ್ದೇನೆ.

ತಕ್ಷಣ ಕಾರ್ಯಪ್ರವೃತ್ತನಾದೆ. ಸೀರೆಯನ್ನು ಕೆರೆಯಲ್ಲಿ ಅದ್ದಿದೆ. ಕಲೆ ಹೋಗಲಿಲ್ಲ, ಅಂಗೈ ಅಗಲವಿದ್ದದ್ದು ಮೊರದಗಲವಾಯಿತು. ಇನ್ನು ಒಣಗಿಸಬೇಕು. ರೇಷ್ಮೆಯನ್ನು ನೆಲದ ಮೇಲೆ ಹಾಕಬಾರದು, ಮುಳ್ಳಿನ ಗಿಡದ ಮೇಲೆ ಹಾಕಬಾರದು. ಇಷ್ಟು ವಿವೇಕ ನನಗಿತ್ತು. ಎದುರಿಗೇ ತೂಬಿನ ಅಡ್ಡಗಲ್ಲು ಬಟ್ಟೆ ಒಣಹಾಕಲೆಂದೇ ನಿಲ್ಲಿಸಿದ ಹಾಗಿತ್ತು. ಹರವಿ, ಗಾಳಿಗೆ ಹಾರದಂತೆ ಎರಡು ಕಡೆಯೂ ಗಂಟು ಹಾಕಿದೆ. ಸಂಜೆಯ ಬಿಸಿಲಿಗೆ ಸೀರೆ ಧಗಧಗ ಹೊಳೆಯಿತು. ಆಚೆ ಊರಿನವರೆಗೂ ಕಂಡಿರಬೇಕು. ಕಂಡೇ ಕಂಡಿತು!

ಸ್ವಲ್ಪ ಹೊತ್ತಿಗೆ ಎಮ್ಮೆ ಹೊಡೆದುಕೊಂಡು ಒಬ್ಬ ರೈತ ಏರಿಯ ಮೇಲೆ ಬಂದ. ಸೀರೆ ನೋಡಿದವನೇ ಎಮ್ಮೆ ಬಿಟ್ಟು, ಎಕ್ಕಡ ಬಿಟ್ಟು, ಸೀರೆಗೆ ಕೈ ಮುಗಿದ. ರೇಷ್ಮೆಗೆ ಹಳ್ಳಿಯ ಜನ ಎಷ್ಟು ಮರ್ಯಾದೆ ಕೊಡುತ್ತಾರೆ ಎಂದು ನನಗೆ ಹೃದಯ ತುಂಬಿ ಬಂತು.

"ನಾಳೀಕೇನಾ ಸಾ?" ಎಂದ.

ನಾನು ಹೊರಡುವುದು ಯಾವಾಗ ಎಂದು ಕೇಳುತ್ತಿದ್ದಾನೆ ಅಂದುಕೊಂಡೆ. "ಹೌದಪ್ಪ, ಬೆಳಿಗ್ಗೆಯೇ" ಎಂದೆ.

"ನಿಮ್ ಒಟ್ಟೆ ತಣ್ಣಗಿರ್ಲಿ ಸಾ!" ಎಂದು ಎಮ್ಮೆಯನ್ನೂ ಮರೆತು ಊರ ಕಡೆ ಓಡಿದ. ಎಮ್ಮೆ ರಾತ್ರಿಯೆಲ್ಲ ನನ್ನ ಜೊತೆಗೇ ಇತ್ತು. ಒಂಟಿತನ ಅಲ್ಲಿಗೆ ಅರ್ಧ ಮುಗಿಯಿತು.

ರಾತ್ರಿಯ ವಿಷಯ ಬರೆಯಲು ಏನೂ ಇಲ್ಲ. ನಾನು ಚಂದ್ರನನ್ನು ನೋಡುತ್ತಾ ಎಚ್ಚರವಾಗಿದ್ದೆ. ಮುಂದಿನದು ಗೊತ್ತಾದದ್ದು ತಮಟೆಯ ಸದ್ದಿಗೆ ಬೆಚ್ಚಿ ಎದ್ದಾಗ. ಎಚ್ಚರವಾಗಿದ್ದವನು ಎದ್ದದ್ದು ಹೇಗೆ ಎಂದು ದಯವಿಟ್ಟು ಕೇಳಬೇಡಿ.

ಕಣ್ಣುಜ್ಜಿಕೊಂಡು ನೋಡುತ್ತೇನೆ, ಏರಿಯ ತುಂಬ ಜನ! ಗಂಡಸರ ಹೆಗಲ ಮೇಲೆ ಗುದ್ದಲಿ, ಹೆಂಗಸರ ಕೈಯಲ್ಲಿ ಆರತಿ ತಟ್ಟೆ, ತಮಟೆ, ತೆಂಗಿನಕಾಯಿ, ಚೆಂಡು ಹೂವು. ನಮ್ಮ ಸೀರೆಗೆ ಆಗಲೇ ಕುಂಕುಮ ಬಳಿದಾಗಿತ್ತು, ಹೂವಿನ ಹಾರ ಏರಿತ್ತು, ಕಾಯಿ ಒಡೆದು ನೀರು ಚಿಮುಕಿಸುತ್ತಿದ್ದರು. ನಾನು ಬನಿಯನ್ನಿನಲ್ಲೇ ಓಡಿದೆ.

"ಏನ್ರಯ್ಯಾ ಇದು? ಏನು ಮಾಡ್ತಾ ಇದೀರಿ?"

"ಪೂಜೆ ಸಾ. ನೀವೇ ಬಟ್ಟೆ ಕಟ್ಟಿ ನಾಳೆ ಅಂದ್ರಲ್ಲ" ಎಂದ ಎಮ್ಮೆಯವನು.

ಆಗ ಗೊತ್ತಾಯಿತು ಆ ಊರಿನ ಪದ್ಧತಿ. ಕೆರೆಯ ನೀರನ್ನು ಗದ್ದೆಗೆ ಬಿಡಬೇಕೆಂದು ಹಿರಿಯರು ತೀರ್ಮಾನಿಸಿದರೆ, ಹಿಂದಿನ ಸಂಜೆ ತೂಬಿನ ಕಲ್ಲಿಗೆ ಹೊಸ ಬಟ್ಟೆ ಕಟ್ಟುತ್ತಾರೆ. ಅದು ಗಂಗಮ್ಮನ ಬಟ್ಟೆ. ಅದನ್ನು ಕಂಡವರು ಕಾಲುವೆ ಸರಿಮಾಡಿಕೊಂಡು ಬೆಳಿಗ್ಗೆ ಪೂಜೆಗೆ ಬರಬೇಕು. ಕಟ್ಟಬೇಕಾದವನು ನೀರುಗಂಟಿ ಸಿದ್ದಯ್ಯ. ಕೆರೆ ಕಾಯುವುದು, ನೀರು ಬಿಡುವುದು ಅವನ ಮನೆತನದ ಕೆಲಸ. ಅವನು ಹಿಂದಿನ ದಿನ ಜಿನನಾಥಪುರದಲ್ಲಿ ನೆಂಟರ ಮನೆಗೆ ಹೋಗಿದ್ದ. ಈಗ ಬಂದು ಬಾಯಿ ಬಿಟ್ಟುಕೊಂಡು ನಿಂತಿದ್ದ.

"ನಾ ಕಟ್ಟಿಲ್ಲ ಕಣ್ರಪ್ಪಾ! ನನ್ ಮಕ್ಳಾಣೆಗೂ ಕಟ್ಟಿಲ್ಲ!"

ಅಷ್ಟರಲ್ಲಿ ಪಟೇಲರು ಕೊಡೆ ಊರಿಕೊಂಡು ಬಂದರು. ನೀರು ಬಿಡುವ ತೀರ್ಮಾನವನ್ನು ಅವರು ಮಾಡೇ ಇರಲಿಲ್ಲ. "ಇನ್ನೊಂದ್ ಮಳೆ ಬರ್ಲಿ, ಆಮ್ಯಾಕೆ ಬುಡಾನ ಅಂತ ನಾ ಬಾಯ್ ಬಡ್ಕಂಡೆ. ಯಾವನ್ಲಾ ಕಟ್ಟಿದ್ದು?" ಎಂದು ಗುಡುಗಿದರು.

ಇಡೀ ಊರು ನನ್ನ ಕಡೆ ತಿರುಗಿತು.

"ಈವಯ್ಯ ಬ್ಲಾಕ್ ಆಪೀಸಿನೋರು ಕಣೇಳಿ" ಎಂದನೊಬ್ಬ. "ಅಲ್ಲ ಕಣ್ಲಾ, ಇಂಜಿನೇರು" ಎಂದ ಇನ್ನೊಬ್ಬ.

"ನಾನು ಹಾಸನದಲ್ಲಿ ಲೆಕ್ಚರರ್. ಇಲ್ಲಿಗೆ ಸುಮ್ಮನೆ ಇರೋಕೆ ಬಂದೆ" ಎಂದೆ.

"ಸುಮ್ಕಿರಾಕೆ ಆಸನದಿಂದ ಇಲ್ಲಿಗಂಟ ಬಂದ್ರಾ ಸಾ?" ಎಂದರು ಪಟೇಲರು. ಜನ ನಕ್ಕರು. ನನ್ನ ಇಡೀ ಯೋಜನೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ವಿಮರ್ಶಿಸಿಲ್ಲ.

ನಾನು ಕಲ್ಲಿನ ಮೇಲೆ ನಿಂತು ತರ್ಕಬದ್ಧವಾಗಿ ವಿವರಿಸಿದೆ. "ಮಹನೀಯರೇ, ತೂಬಿಗೆ ಕಟ್ಟುವುದೆಲ್ಲ ಬಟ್ಟೆ. ಆದರೆ ಬಟ್ಟೆಯೆಲ್ಲ ತೂಬಿಗೆ ಕಟ್ಟುವುದಲ್ಲ. ಇದು ಒಣಗಲು ಹಾಕಿದ್ದು. ಇದು ಗಂಗಮ್ಮನದಲ್ಲ, ನನ್ನ ಹೆಂಡತಿಯ ಧಾರೆ ಸೀರೆ!"

ತಮಟೆ ನಿಂತಿತು. ಪರವಾಗಿಲ್ಲ, ತರ್ಕಕ್ಕೆ ಇನ್ನೂ ಬೆಲೆಯಿದೆ ಅಂದುಕೊಂಡೆ. ಆಗ ಸಿದ್ದಯ್ಯನ ಹೆಂಡತಿ ನಂಜಮ್ಮ ಮುಂದೆ ಬಂದಳು.

"ಧಾರೆ ಸೀರೆನಾ? ಅಂಗಾರೆ ಅವ್ವ ಎಲ್ಲವ್ರೆ?"

"ಹಾಸನದಲ್ಲಿ."

"ಧಾರೆ ಸೀರೆ ಕೆರೆ ತಾವ, ಅವ್ವ ಆಸನದಾಗೆ?"

"ಹೌದು."

ನಂಜಮ್ಮ ಸೀರೆಯ ಸೆರಗು ಹಿಡಿದು ನೋಡಿದಳು. "ಈ ಕೆಂಪ್ ಕಲೆ ಏನ್ ಸಾ?"

"ಅದು ಮಸಿ."

"ಮಸಿ ಕರ್ರಗಿರ್ತದಲ್ಲ ಸಾ!"

ಗುಂಪು ಒಂದು ಹೆಜ್ಜೆ ಹಿಂದೆ ಸರಿಯಿತು. ಹಿಂದಿನಿಂದ ಯಾರೋ "ಅಯ್ಯೋ ಸಿವ್ನೇ!" ಎಂದರು. (ಕೆಂಪು ಸೀರೆಯ ಮೇಲಿನ ಕೆಂಪು ಕಲೆ ನಂಜಮ್ಮನಿಗೆ ಹೇಗೆ ಕಂಡಿತೆಂದು ಜಾನಕಿ ಇಲ್ಲಿಯೂ ತಕರಾರು ತೆಗೆಯುತ್ತಾಳೆ. ಹಳ್ಳಿಯವರ ಕಣ್ಣು ಬಹಳ ಚುರುಕು ಎಂದಷ್ಟೇ ಹೇಳಬಲ್ಲೆ.)

"ನೋಡಿದ್ರಾ? ಎಂಡ್ರುನ್ನ ಕೆರೆಗ್ ತಳ್ಬುಟ್ಟು, ಸೀರೆ ತೊಳ್ದು ಒಣಾಕ್ಕಂಡು, ಪಕ್ಕದಾಗೇ ಗೊರ್ಕೆ ಒಡ್ಕಂಡ್ ಮನಗವ್ನೆ!" ಎಂದು ನಂಜಮ್ಮ ಎದೆ ಬಡಿದುಕೊಂಡಳು.

ಕ್ಷಣಾರ್ಧದಲ್ಲಿ ಗುದ್ದಲಿಗಳು ನೆಲಕ್ಕೆ ಬಿದ್ದವು. ಗಟ್ಟಿಯಾದ ಗಂಡಸರೆಲ್ಲ ಧುಮುಧುಮು ನೀರಿಗೆ ಹಾರಿದರು. ನನ್ನನ್ನು ಎಮ್ಮೆಯ ಪಕ್ಕದಲ್ಲಿ ಕೂರಿಸಿ ಇಬ್ಬರು ಕಾವಲು ನಿಂತರು. ನಾನು ಹೆಂಡತಿ ಬದುಕಿದ್ದಾಳೆಂದು ಕೂಗಿದಷ್ಟೂ ಹೆಂಗಸರು ಹೆಚ್ಚು ಅತ್ತರು. ಅವರ ಅಳು ಎಷ್ಟು ನೈಜವಾಗಿತ್ತೆಂದರೆ, ಜಾನಕಿಯನ್ನು ನಾನು ಕೊನೆಯ ಸಲ ನೋಡಿದ್ದು ಯಾವಾಗ ಎಂದು ನನಗೇ ಅನುಮಾನ ಶುರುವಾಯಿತು!

ಒಬ್ಬ ಮುಳುಗಿ ಎದ್ದು ತೂತು ಬಿದ್ದ ಕೊಡ ಎತ್ತಿ ಹಿಡಿದ. "ಇದು ನಿಮ್ಮನೇದಾ ಸಾ?" ಇನ್ನೊಬ್ಬ ಒಂಟಿ ಚಪ್ಪಲಿ ತಂದ. "ಅವ್ವಾರ್ದಾ?" ನೋಡಿದರೆ ಅದು ನನ್ನದೇ. ಹಿಂದಿನ ದಿನ ಸೀರೆ ಅದ್ದುವಾಗ ತೇಲಿ ಹೋಗಿತ್ತು. ಒಪ್ಪಿಕೊಂಡರೆ ಕಷ್ಟ, ಒಪ್ಪದಿದ್ದರೆ ಇನ್ನೂ ಕಷ್ಟ. ಸುಮ್ಮನಾದೆ. ಮೌನಕ್ಕೆಂದೇ ಬಂದಿದ್ದೆನಲ್ಲ!

ಅಷ್ಟರಲ್ಲಿ ಏರಿಯ ತುದಿಯಲ್ಲಿ ಒಂದು ಕೊಡೆ ಕಾಣಿಸಿತು. ಕೊಡೆಯ ಕೆಳಗೆ ಬಿರಬಿರನೆ ಬರುವ ನಡಿಗೆ. ಆ ನಡಿಗೆಗೆ ನಾನು ಹೆದರದ ದಿನವಿಲ್ಲ. ಅವತ್ತು ಮಾತ್ರ ಅದನ್ನು ಕಂಡು ಕಣ್ಣೀರು ಬಂತು. ರಾತ್ರಿ ಹೊದಿಕೆಯ ಗಂಟು ಮನೆಯಲ್ಲೇ ಉಳಿದಿರುವುದನ್ನು ಕಂಡು, ಜಾನಕಿ ನಾನು ಹೇಳಿದ್ದ ಊರಿಗೆ ಮೊದಲ ಬಸ್ಸಿಗೇ ಹೊರಟು ಬಂದಿದ್ದಳು. ಕಾವಲಿನವರನ್ನಾಗಲಿ, ಅಳುವವರನ್ನಾಗಲಿ, ಮುಳುಗುವವರನ್ನಾಗಲಿ ಅವಳು ನೋಡಲಿಲ್ಲ. ನೇರ ಬಂದು ನನ್ನೆದುರು ನಿಂತಳು.

"ರೀ! ನನ್ನ ಸೀರೆ ಎಲ್ಲಿ?"

ಈ ಮಾತಿನಿಂದ ನಾನು ಕೊಲೆಯ ಆರೋಪದಿಂದ ಮುಕ್ತನಾದೆ. "ಅವ್ವ ಬದ್ಕವ್ರೆ!" ಎಂದು ಏರಿಯೇ ಅದುರುವಂತೆ ಕೂಗೆದ್ದಿತು. ತಮಟೆ ಮತ್ತೆ ಶುರುವಾಯಿತು. ಅಳುತ್ತಿದ್ದ ಹೆಂಗಸರೇ ಓಡಿಬಂದು ಅವಳಿಗೆ ಆರತಿ ಎತ್ತಿದರು. ಕುತ್ತಿಗೆವರೆಗೆ ನೀರಿನಲ್ಲಿದ್ದವನೊಬ್ಬ "ಇನ್ನೂ ಯಾರ್ನಾರ ಉಡುಕ್ಬೇಕಾ ಸಾ?" ಎಂದು ಕೇಳಿದ.

ಜಾನಕಿ ತೂಬಿನ ಕಡೆ ನೋಡಿದಳು. ಕುಂಕುಮ, ಹೂವು, ಕಾಯಿನೀರು, ಮೊರದಗಲದ ಕಲೆ. ನನ್ನ ಕಡೆ ನೋಡಿದಳು. ಏನೂ ಹೇಳಲಿಲ್ಲ. ಅದು ಪ್ರಕೃತಿಯ ಮೌನವಲ್ಲ.

"ಈಗಲೇ ಬಿಚ್ಚಿ ತರ್ತೀನಿ!" ಎಂದು ಶೂರನಂತೆ ನುಗ್ಗಿದೆ.

"ಬ್ಯಾಡಿ ಸಾ! ತೂಬಿಗ್ ಏರಿದ್ ಬಟ್ಟೆ ವಾಪಸ್ ತರಂಗಿಲ್ಲ, ಗಂಗಮ್ಮ ಮುನೀತಾಳೆ" ಎಂದು ಸಿದ್ದಯ್ಯ ಕೂಗಿದ. ಪೂಜೆಯಾದ ಬಟ್ಟೆ ಗಂಗಮ್ಮನ ಹೆಸರಿನಲ್ಲಿ ನೀರುಗಂಟಿಯ ಮನೆಯ ಹೆಣ್ಣುಮಗಳಿಗೆ ಸೇರಬೇಕಂತೆ. ನಾನು ಮೂಢನಂಬಿಕೆಯ ವಿರುದ್ಧ ಎರಡು ಮಾತು ಹೇಳುತ್ತಲೇ ಅಡ್ಡಗಲ್ಲಿಗೆ ಕೈ ಹಾಕಿದೆ. ಕಲ್ಲಿನ ಮೇಲೆ ಕಾಯಿನೀರು ಬಿದ್ದು ಜಾರುತ್ತಿತ್ತು. ಹಿತ್ತಲಿನ ನೆಲದಂತೆಯೇ! ದೊಪ್ಪನೆ ಕೆರೆಗೆ ಬಿದ್ದೆ.

"ಸೀರೆಗೆ ಕೆಸರು ಹಾರಿಸಬೇಡಿ ರೀ!" ಎಂದಳು ನನ್ನ ಧರ್ಮಪತ್ನಿ.

ಸಿದ್ದಯ್ಯ ಬಿದಿರ ಗಳು ಚಾಚಿ ನನ್ನನ್ನು ಎಳೆದು ಹಾಕುವ ಹೊತ್ತಿಗೆ ಜಾನಕಿ, ನಂಜಮ್ಮ ಇಬ್ಬರೂ ಏರಿಯ ಮೇಲೆ ನಿಂತು ಗದ್ದೆ ನೋಡುತ್ತಿದ್ದರು.

"ಬತ್ತ ಒಡೆ ಬಂದ್ ನಿಂತದೆ ಅವ್ವಾ" ಎನ್ನುತ್ತಿದ್ದಳು ನಂಜಮ್ಮ. "ಈಗ ನೀರ್ ಕಾಣ್ದಿದ್ರೆ ಕಾಳ್ ಕಟ್ಟಾಕಿಲ್ಲ, ಎಲ್ಲಾ ಜೊಳ್ಳೇಯ. ಪಟೇಲ್ರು ಮಳೆ ಬತ್ತದೆ ಅಂತಾರೆ. ನಾ ಕಾಣೆ."

ಜಾನಕಿ ಬಹಳ ಹೊತ್ತು ಸೀರೆಯನ್ನು ನೋಡಿದಳು. "ತಂಗಿ ಮದುವೆಗೆ ಉಡಬೇಕೂಂತಿದ್ದೆ" ಎಂದಳು, ಯಾರಿಗೂ ಅಲ್ಲ. ಆಮೇಲೆ ಸೆರಗು ಬಿಗಿದು ಪಟೇಲರ ಮುಂದೆ ಹೋಗಿ ನಿಂತಳು.

"ಪಟೇಲರೇ, ಸೀರೆ ವಾಪಸ್ಸು ಕೊಡ್ತೀರಾ?"

"ಅದೆಂಗಾದಾತು ಅವ್ವಾ? ಗಂಗಮ್ಮನ್ ಪಾಲಾಗೋಯ್ತು."

"ಗಂಗಮ್ಮನ ಪಾಲಾಗಿದ್ದರೆ ನೀರು ಬಿಡಿ. ನೀರು ಬಿಡೋಲ್ಲ ಅಂದರೆ ಅದು ಗಂಗಮ್ಮನದಲ್ಲ, ನನ್ನ ಸೀರೆ ನನಗೆ ಕೊಡಿ. ನೀರೂ ಬಿಡೋದಿಲ್ಲ, ಸೀರೆನೂ ಕೊಡೋದಿಲ್ಲ ಅಂದರೆ ಅದ್ಯಾವ ನ್ಯಾಯ?"

ಐದು ವರ್ಷ ತರ್ಕಶಾಸ್ತ್ರ ಕಲಿಸಿದ ನಾನು ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಕೈಕಟ್ಟಿ ನಿಂತಿದ್ದೆ. ಪಟೇಲರು ಒಮ್ಮೆ ಆಕಾಶ ನೋಡಿದರು, ಒಮ್ಮೆ ಸೀರೆ ನೋಡಿದರು, ಮೀಸೆಯಲ್ಲೇ ನಕ್ಕರು.

"ಮೇಷ್ಟ್ರೇ, ಕಾಲೇಜಲ್ಲಿ ಪಾಟ ಮಾಡದು ನೀವಾ, ಅವ್ವನಾ? ಏಯ್ ಸಿದ್ದಾ, ಎತ್ತಲಾ ತೂಬ! ಅರ್ಧ ಬುಡು, ಅರ್ಧ ಮಳೀಗೆ ಕಾಯಾನ."

ಸಿದ್ದಯ್ಯ ನೀರಿಗಿಳಿದು ತೂಬು ಎತ್ತಿದ. ಏರಿಯ ಆಚೆ ಕಾಲುವೆಯಲ್ಲಿ ನೀರು ಭೋರೆಂದು ನುಗ್ಗಿತು ನೋಡಿ! ಜನ ಕುಣಿದರು. ಗುದ್ದಲಿ ಹಿಡಿದವರು ನೀರಿನ ಮುಂದೆ ಮುಂದೆ ಓಡಿದರು. ನಾನೂ ಓಡಿದೆ. ಒಂಟಿ ಚಪ್ಪಲಿಯಲ್ಲಿ, ಬನಿಯನ್ನಿನಲ್ಲಿ, ಏಕೆ ಓಡುತ್ತಿದ್ದೇನೆಂದು ತಿಳಿಯದೆ "ಬಂತು, ಬಂತು!" ಎಂದು ಕೂಗುತ್ತಾ ಓಡಿದೆ. ಕಾದ ಬಾಣಲೆಯಂತಿದ್ದ ತಲೆ ಯಾವಾಗ ತಣ್ಣಗಾಯಿತೋ ಗೊತ್ತೇ ಆಗಲಿಲ್ಲ.

ನಂಜಮ್ಮ ಮನೆಯಿಂದ ಹೊಸದೊಂದು ನೂಲಿನ ಸೀರೆ ತಂದಳು. ಹೆಂಗಸರೆಲ್ಲ ಸೇರಿ ಜಾನಕಿಗೆ ಅದನ್ನು ಕೊಟ್ಟು ಮಡಿಲು ತುಂಬಿದರು. ಒಬ್ಬೊಬ್ಬರೂ ಒಂದೊಂದು ಕಾಯಿ! ಜಾನಕಿ ಮುಂದೆ ಕೊಡೆ ಹಿಡಿದು ಗಂಗಮ್ಮನಂತೆ ನಡೆದಳು. ನಾನು ತೆಂಗಿನಕಾಯಿಯ ಮೂಟೆ ಹೊತ್ತು ಬಸ್ಸಿನವರೆಗೆ ಹಿಂದೆ ನಡೆದೆ. ಮೌನವಾಗಿ.

ತಂಗಿಯ ಮದುವೆಯಲ್ಲಿ ಅವಳು ಆ ನೂಲಿನ ಸೀರೆಯನ್ನೇ ಉಟ್ಟು ಆರತಿ ಎತ್ತಿದಳು. ರೇಷ್ಮೆ ಉಟ್ಟವರೆಲ್ಲ ಅವಳ ಸುತ್ತ ಕೂತು ಕಥೆ ಕೇಳಿದರು. ಹೊಳೆನರಸೀಪುರದಲ್ಲಿ ನನ್ನನ್ನು ಇವತ್ತಿಗೂ "ತೂಬಿನ ಭಾವ" ಎಂದೇ ಕರೆಯುತ್ತಾರೆ.

ಕಳೆದ ವರ್ಷ ಪರೀಕ್ಷೆಯ ಕೆಲಸಕ್ಕೆ ಚನ್ನರಾಯಪಟ್ಟಣಕ್ಕೆ ಹೋಗಿದ್ದಾಗ, ವಾಪಸು ಬರುತ್ತಾ ಆ ಊರಿನಲ್ಲಿ ಇಳಿದೆ. ನಂಜಮ್ಮ ಗುರುತು ಹಿಡಿದು ಮಣೆ ಹಾಕಿದಳು. ಚಂದ್ರ ಇದ್ದನೋ ಇಲ್ಲವೋ ಅವಳಿಗೆ ನೆನಪಿರಲಿಲ್ಲ. ಗೊರಕೆಯ ವಿಷಯ ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ. ಆ ಸೀರೆ ಇದೆಯೇ ಎಂದೆ. "ಇಲ್ದೆ ಏನ್ ಸಾ? ತೂಬು ಎತ್ತೋ ದಿನ ವರ್ಸ ವರ್ಸ ಅದ್ನೇ ಉಡಾದು. ಆವತ್ತು ಗದ್ದೆ ಉಳ್ಸಿದ್ ಸೀರೆ ಅಲ್ವಾ!" ಎಂದು ಪೆಟ್ಟಿಗೆಯಿಂದ ತೆಗೆದು ಕೊಟ್ಟಳು.

ಅಂಗಳಕ್ಕೆ ಒಯ್ದು ಬಿಸಿಲಿಗೆ ಹಿಡಿದೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದೆ. ತಿರುಗಿಸಿ ಆ ಕಡೆಯಿಂದಲೂ ನೋಡಿದೆ. ಕಲೆ ಹಾಗೇ ಇತ್ತು, ಮೊರದಗಲ, ಕೆಂಪಗೆ, ಹತ್ತು ಮಾರು ದೂರದಿಂದಲೂ ಕಾಣುವಂತೆ.

ಈ ಪ್ರಸಂಗದಲ್ಲಿ ನಾನು ಖುದ್ದಾಗಿ ಪರೀಕ್ಷಿಸಿ, ಅನುಮಾನಕ್ಕೆ ಎಡೆಯಿಲ್ಲದಂತೆ ದೃಢಪಡಿಸಿಕೊಂಡ ಸಂಗತಿ ಇದೊಂದೇ.

ಸೀರೆ ಹಳದಿ!